ಹೆಸರು ಬರೆಯದ ಗರಿಗಳು

ಓದಲು ಬಾರದ ಗ್ರಂಥ ಎಂದ ಕೂಡಲೇ ಕೆಲವರ ಬಾಯಲ್ಲಿ ನೀರೂರುತ್ತದೆ. ಅಂಥವರಲ್ಲಿ ನಾನೂ ಒಬ್ಬಳು. ಬೈಲಹೊಂಗಲದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ತಾಳೆಗರಿ ಇರಲಿ, ಮೋಡಿ ಲಿಪಿಯ ಕಾಗದ ಇರಲಿ, ಯಶೋಧಾ ಅಕ್ಕಾರ ಓದಿ ಹೇಳುತ್ತಾರೆ ಎಂದು ಸುತ್ತಲಿನ ತಾಲೂಕುಗಳಲ್ಲಿ ಮಾತಿತ್ತು. ಅದನ್ನು ಕೇಳಿಯೇ ಸುರೇಬಾನದ ಸೀತವ್ವ ನನಗೆ ಫೋನು ಮಾಡಿದ್ದು. ಹೊಗಳಿಕೆಗೆ ಉಬ್ಬುವ ಚಟ ನನ್ನದು, ಮರುದಿನವೇ ಸವದತ್ತಿಯ ಬಸ್ಸು ಹತ್ತಿದೆ.

ಸೀತವ್ವನ ಗಂಡ ಲಗಮಪ್ಪ ಕಾಮಣಿ ರೋಗಕ್ಕೆ ಮದ್ದು ಕೊಡುವವನು. ಕಣ್ಣು ಹಳದಿಯಾದವರು ಕಿತ್ತೂರಿನಿಂದಲೂ ಅವನ ಅಂಗಳಕ್ಕೆ ಬರುತ್ತಿದ್ದರು. ಅವನು ನಸುಕಿನಲ್ಲಿ ಸ್ನಾನ ಮಾಡಿ, ಒದ್ದೆ ಧೋತರದಲ್ಲೇ ಹೋಗಿ ಯಾವುದೋ ಎಲೆ ತಂದು, ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಿದ್ದ. ಮದ್ದು ಆ ಮನೆಯಲ್ಲಿ ಬಾಯಿಂದ ಕಿವಿಗೆ ಇಳಿದು ಬಂದದ್ದು. ಮಗಳು ಸ್ನೇಹಲ್‌ಗೆ ಹೇಳಿಕೊಡುವ ಮೊದಲೇ ಲಗಮಪ್ಪನಿಗೆ ಲಕ್ವಾ ಹೊಡೆದು ಮಾತು ಹೋಯಿತು, ಬಲಗೈಯೂ ಹೋಯಿತು. ಇನ್ನು ಕೆಲವೇ ತಿಂಗಳು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವನೊಂದಿಗೆ ಮದ್ದೂ ಹೋಗುತ್ತದೆಂದು ಸೀತವ್ವ ಹಗಲೂ ರಾತ್ರಿ ಕೊರಗುತ್ತಿದ್ದಳು. ಉಳಿದದ್ದು ದೇವರ ಜಗಲಿಯ ಮೇಲೆ ಅರಿಶಿಣ ಕುಂಕುಮ ಹಚ್ಚಿಸಿಕೊಂಡು ಕುಳಿತ ತಾಳೆಗರಿಯ ಕಟ್ಟು ಒಂದೇ. ಅದರಲ್ಲಿ ಮದ್ದು ಇದ್ದೇ ಇರುತ್ತದೆ, ಓದಿ ಮಗಳಿಗೆ ಹೇಳಿರಿ ಎಂದು ಅವಳು ಕಟ್ಟನ್ನು ನನ್ನ ಕೈಗಿತ್ತು ಮನೆಗೆ ಕಳಿಸಿದಳು.

ಕಟ್ಟು ಬಿಚ್ಚಿದಾಗ ನಿಜ ಹೇಳುತ್ತೇನೆ, ನನಗೆ ಲಗಮಪ್ಪನ ನೆನಪೇ ಉಳಿಯಲಿಲ್ಲ. ಗರಿಗರಿಗೂ ಸಸ್ಯದ ಚಿತ್ರ, ಬೇರಿನ ಎಳೆ ಕೂಡ ಬಿಡದೆ ಕೊರೆದದ್ದು. ಪಕ್ಕದಲ್ಲಿ ಸಾಲು ಸಾಲು ಅಕ್ಷರ. ಒಂದಾದರೂ ಕನ್ನಡವಲ್ಲ, ನಾಗರಿಯಲ್ಲ, ಗ್ರಂಥಲಿಪಿಯಲ್ಲ, ತೆಲುಗಲ್ಲ. ಧಾರವಾಡದ ನನ್ನ ಪರಿಚಯದ ಪಂಡಿತರೊಬ್ಬರು ಫೋಟೊ ನೋಡಿ, ಐನೂರು ವರ್ಷ ಹಳೆಯದಿದ್ದೀತು, ಲಿಪಿ ಮಾತ್ರ ಕಂಡಿಲ್ಲ ಎಂದು ಕೈ ತೊಳೆದುಕೊಂಡರು. ಪಂಡಿತರು ಸೋತದ್ದು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು.

ಕಿತ್ತೂರಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಬಾಳೇಶ ನನ್ನ ಹಳೆಯ ವಿದ್ಯಾರ್ಥಿ. ಅವನಿಗೆ ಒಂದು ಗರಿಯ ಚಿತ್ರ ತೋರಿಸಿದೆ. ಈ ಬೇರು ಅಮೃತಬಳ್ಳಿಯದು, ಎಲೆ ನೆಲನೆಲ್ಲಿಯದು, ಹೂವು ಎಕ್ಕೆಯದು, ಇಂಥ ಗಿಡ ದೇವರೂ ಹುಟ್ಟಿಸಿಲ್ಲ ಎಂದು ಅವನು ನಕ್ಕ. ಬರೆದವನಿಗೆ ಚಿತ್ರಕಲೆ ಬರುತ್ತಿರಲಿಲ್ಲ ಎಂದು ನಾನು ಅವನ ಬಾಯಿ ಮುಚ್ಚಿಸಿದೆ. ನನ್ನ ತಲೆಯಲ್ಲಿ ‘ನೆಲನೆಲ್ಲಿ’ ಕೂತುಬಿಟ್ಟಿತ್ತು. ಕಾಮಣಿಗೆ ನಮ್ಮ ಕಡೆ ಎಲ್ಲರೂ ಹೇಳುವ ಗಿಡ ಅದು. ಚಿತ್ರದ ಪಕ್ಕದ ಮೊದಲ ಪದ ಗಿಡದ ಹೆಸರೇ ಆಗಿರಬೇಕಲ್ಲ. ಆ ಪದಕ್ಕೆ ನಾಲ್ಕು ಅಕ್ಷರ, ಒಂದನೆಯದೂ ಮೂರನೆಯದೂ ಒಂದೇ. ನೆ, ಲ, ನೆ, ಲ್ಲಿ. ಸಿಕ್ಕಿತು ಎಂದು ನಾನು ಅಡಿಗೆ ಮನೆಯಲ್ಲಿ ಒಬ್ಬಳೇ ಕುಣಿದಾಡಿದೆ.

ಆ ಅಕ್ಷರಗಳನ್ನು ಹಿಡಿದು ಬೇಸಿಗೆಯಿಡೀ ಕಳೆದೆ. ಹೊಸ ಅಕ್ಷರ ಒಂದೂ ಬಗೆಹರಿಯಲಿಲ್ಲ. ಕೊನೆಗೆ ಎಲ್ಲ ಗರಿಗಳನ್ನು ಒಟ್ಟಿಗೆ ಹರವಿ ನೋಡಿದೆ. ಚಿತ್ರ ಯಾವುದೇ ಇರಲಿ, ಪಕ್ಕದ ಮೊದಲ ಪದ ಎಲ್ಲ ಕಡೆಗೂ ಅದೇ ನಾಲ್ಕು ಅಕ್ಷರ. ಬಳ್ಳಿಗೂ ಅದೇ, ಗಡ್ಡೆಗೂ ಅದೇ, ಮುಳ್ಳಿನ ಪೊದೆಗೂ ಅದೇ.

ಹಟ ಬಿಡಲಿಲ್ಲ. ಸುರೇಬಾನಕ್ಕೆ ಹೋಗಿ ಲಗಮಪ್ಪನ ಹಾಸಿಗೆಯ ಪಕ್ಕ ಕುಳಿತು, ಒಂದೊಂದೇ ಗರಿ ಅವನ ಮುಖಕ್ಕೆ ಹಿಡಿದು, ಇದರ ಹೆಸರೇನು, ಬಾಯಿ ಅಲ್ಲಾಡಿಸಿದರೂ ಸಾಕು ಎಂದು ಕೇಳಿದೆ. ಅವನು ಪ್ರತಿ ಸಲ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಪಾಪ, ರೋಗದ ಮಹಿಮೆ ಎಂದುಕೊಂಡೆ. ಹೊರಗೆ ಬಂದು, ಮನೆಯಲ್ಲಿ ಆ ಗಿಡಕ್ಕೆ ಏನೆಂದು ಕರೆಯುತ್ತಿದ್ದಿರಿ ಎಂದು ಸೀತವ್ವನನ್ನೇ ಕೇಳಿದೆ. ಅವಳು ನಾನು ಯಾರದೋ ಸಾವು ಬಯಸಿದೆನೇನೋ ಎಂಬಂತೆ ನೋಡಿದಳು.

“ಹೆಸರು ಹೆಂಗ ಹೇಳೂದ್ರಿ ಅಕ್ಕಾರ? ಮದ್ದಿನ ಹೆಸರು ಬಾಯಾಗ ಬಂದ್ರ ಮದ್ದು ಸಾಯತೈತಿ. ಬರದ್ರೂ ಅಷ್ಟ. ಗರಿಯಾಗ ಗಿಡದ ಗುರುತು, ಅರಿಯೂ ರೀತಿ ಇರತಾವ, ಹೆಸರ ಇರೂದಿಲ್ಲ. ಅವ್ರ ಕಿವಿಯಾಗ ಒಂದ ಸಲ ಬಿದ್ದದ್ದು, ಮಗಳ ಕಿವಿಯಾಗ ಒಂದ ಸಲ ಹಾಕಬೇಕು. ಮುಗೀತು.”

ನನಗೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಹೆಸರು ಬರೆಯಲೇಬಾರದ ಮನೆಯ ಗ್ರಂಥದಲ್ಲಿ ನಾನು ಇಷ್ಟು ದಿನ ಹೆಸರನ್ನೇ ಹುಡುಕಿದ್ದೆ. ಗೊತ್ತಿರುವ ಹೆಸರೊಂದು ಕೈಗೆ ಸಿಗದೆ ಇಂಥ ಲಿಪಿ ಯಾರಿಗೂ ಬಿಡಿಸಲು ಬರುವುದಿಲ್ಲ. ಈ ಗರಿಗಳು ನನ್ನ ಜನ್ಮದಲ್ಲಿ ಬಾಯಿ ಬಿಡುವುದಿಲ್ಲ ಎಂದು ಅಲ್ಲಿಯೇ ಖಾತ್ರಿಯಾಯಿತು. ಲಗಮಪ್ಪ ಗೋಡೆಗೆ ಮುಖ ಮಾಡಿದ್ದು ರೋಗಕ್ಕೋ, ವ್ರತಕ್ಕೋ ಎಂಬುದೂ ಗೊತ್ತಾಗದೆ ಹೋಯಿತು. ಸೀತವ್ವನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಅಳಲಿಲ್ಲ. ಹಾಗಾದರೆ ಅಮಾವಾಸ್ಯೆಯ ದಿನ ಮಗಳನ್ನು ಅಪ್ಪನ ಬಾಯಿಯ ಹತ್ತಿರ ಕೂಡಿಸುತ್ತೇನೆ, ನೀವೂ ಬರ್ರಿ ಎಂದಳು.

ಸ್ನೇಹಲ್ ರಾಮದುರ್ಗದ ಒಂದು ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡುವ ಹುಡುಗಿ. ಕಾಮಣಿಯ ರಕ್ತ ಹೇಗಿರುತ್ತದೆ ಎಂದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೂ ಅವ್ವನ ಮಾತಿಗೆ ಎದುರಾಡದೆ, ಅಮಾವಾಸ್ಯೆಯ ಬೆಳಿಗ್ಗೆ ತಲೆ ಮೇಲೆ ನೀರು ಸುರುವಿಕೊಂಡು, ಒದ್ದೆ ಸೀರೆಯಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನೂ ಸೀತವ್ವನೂ ಕಟ್ಟೆಯ ಮೇಲೆ ಕುಳಿತೆವು. ಒಳಗಿನಿಂದ ಗೊರಗೊರ ಸದ್ದು ಕೇಳಿಸಿದಾಗ ಸೀತವ್ವ ನನ್ನ ತೊಡೆಯನ್ನು ಒತ್ತಿ ಹಿಡಿದಳು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ, ಆದರೂ ಆ ಗಳಿಗೆಯಲ್ಲಿ ಒಂದೇ ಒಂದು ಮಾತು ಹೊರಡಲಿ ಎಂದು ಬೇಡಿಕೊಂಡೆ.

ಬಾಗಿಲು ತೆರೆದು ಬಂದ ಸ್ನೇಹಲ್ ಅವ್ವನ ಮುಖ ನೋಡಿ, ಆಯಿತು ಎಂಬಂತೆ ತಲೆಯಾಡಿಸಿದಳು. ಸೀತವ್ವ ಮಗಳ ಮುಖ ನೀವಿ ನೆಟಿಗೆ ಮುರಿದಳು. ಓಣಿಯ ಮನೆಮನೆಗೂ ಸಕ್ಕರೆ ಹಂಚಲು ಹೊರಟೇಬಿಟ್ಟಳು. ಅವಳು ಅತ್ತ ಹೋದ ಮೇಲೆ ಸ್ನೇಹಲ್ ಹಿತ್ತಲಲ್ಲಿ ಸೀರೆ ಹಿಂಡುತ್ತ ನನ್ನನ್ನು ಕರೆದಳು.

“ಅಪ್ಪ ‘ಚಾ’ ಅಂದ್ರಿ ಅಕ್ಕಾರ. ಬಾಳ ತ್ರಾಸ ಪಟ್ಟು, ಎರಡ ಸಲ ‘ಚಾ’ ಅಂದ. ಕುಡಿಯೂ ಚಾ, ಮತ್ತೇನಿಲ್ಲ. ಅವ್ವಗ ಹೇಳಬ್ಯಾಡ್ರಿ.”

ಲಗಮಪ್ಪ ಆ ವಾರವೇ ತೀರಿಕೊಂಡ. ದಿನಕರ್ಮಗಳು ಮುಗಿದ ಮೇಲೆ ಗರಿಯ ಕಟ್ಟನ್ನು ಹಿಂದಿರುಗಿಸಲು ನಾನು ಹೋದಾಗ ಅಂಗಳದಲ್ಲಿ ಮನೋಳಿಯ ಕಡೆಯವನೊಬ್ಬ ಕುಳಿತಿದ್ದ. ಜಟ್ಟೆಪ್ಪ ಎಂದು ಹೆಸರು. ಕಣ್ಣು, ಉಗುರು, ಅಂಗೈ ಎಲ್ಲ ಹಳದಿ, ಹೊಟ್ಟೆ ಉಬ್ಬಿತ್ತು. ಸ್ನೇಹಲ್ ಒದ್ದೆ ಸೀರೆಯಲ್ಲಿ ಒರಳಿನ ಮುಂದೆ ಕುಳಿತು ಅರೆಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಓದಿದವಳಾಗಿ ಇದೇನು, ಅವನನ್ನು ದವಾಖಾನೆಗೆ ಕಳಿಸುವುದು ಬಿಟ್ಟು ಎಂದು ಹಿತ್ತಲಿಗೆ ಕರೆದು ಗದರಿಸಿದೆ.

“ದವಾಖಾನಿ ಮುಗಿಸೇ ಬಂದಾನ್ರಿ. ಅಂವನ ರಿಪೋರ್ಟ್ ನಾನ ಮಾಡೇನಿ. ಲಿವರ್ ಪೂರಾ ಹೋಗೇತಿ, ಮನಿಗೆ ಕರಕೊಂಡ ಹೋಗ್ರಿ ಅಂದಾರ. ಇದು ನಮ್ಮ ಹಿತ್ತಲದ ನುಗ್ಗಿ ತಪ್ಪಲ, ಏನೂ ಮಾಡೂದಿಲ್ಲ.” ಅವಳು ಕೈಗೆ ಹತ್ತಿದ ಎಲೆಯ ಹಸಿರನ್ನು ಸೆರಗಿಗೆ ಒರೆಸಿದಳು. “ಅಪ್ಪಗೂ ಅವರಪ್ಪ ಹೀಂಗ ಚಾ ಬೇಡಿ ಸತ್ತಿದ್ದನೇನೋ ಅಕ್ಕಾರ. ಅಪ್ಪನೂ ಯಾವದಾರೆ ತಪ್ಪಲ ತಂದ ಅರೀತಿದ್ದನೇನೋ.”

ನನ್ನ ಕಂಕುಳಲ್ಲಿದ್ದ ಕಟ್ಟು ಒಮ್ಮೆಲೇ ಭಾರವಾಯಿತು. ಒಂದು ಗಿಡದ ಬೇರು, ಇನ್ನೊಂದರ ಎಲೆ, ಎಲ್ಲದಕ್ಕೂ ಅದೇ ನಾಲ್ಕು ಅಕ್ಷರ. ಐನೂರು ವರ್ಷದ ಹಿಂದೆ ಹೀಗೆಯೇ ಕಿವಿಯಲ್ಲಿ ಏನೂ ಬೀಳದವರೊಬ್ಬರು, ಅಂಗಳದಲ್ಲಿ ಕಾಯುವವರಿಗೆ ಮುಖ ತೋರಿಸಲು ಇದನ್ನೆಲ್ಲ ಕೊರೆದಿದ್ದರೆ? ಅದನ್ನೂ ಸಾಬೀತು ಮಾಡಿ ತೋರಿಸಲು ನನ್ನಲ್ಲಿ ಏನೂ ಇಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ.

ಅಂಗಳಕ್ಕೆ ಬಂದಾಗ ಜಟ್ಟೆಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಹನಿ ಬಿಡದಂತೆ ಕುಡಿದ. ಎಂದಿಗೆ ಕಡಿಮೆಯಾಗುತ್ತದೆ ಎಂದು ಕೇಳಿದ. ಸ್ನೇಹಲ್ ಬಗ್ಗಿ ಖಾಲಿ ಲೋಟ ಇಸಿದುಕೊಂಡಳು. ಸೀತವ್ವ ಮಗಳ ಬೆನ್ನ ಮೇಲೆ ಕೈಯಿಟ್ಟು, ಗಂಡ ಸತ್ತ ಮೇಲೆ ಮೊದಲ ಸಲ ನಗುತ್ತ, “ಮೂರ ದಿನ ಬರ್ರಿ, ಎಣ್ಣಿ ಖಾರ ತಿನಬ್ಯಾಡ್ರಿ, ಕಾಮಣಿ ಹೋಗ್ತೈತಿ” ಎಂದಳು.