ಮುಚ್ಚಳದ ಒಳಗಿನ ತಾರೀಕು

ಗಡಿಯಾರ ರಿಪೇರಿಯವನ ಬಳಿ ತನ್ನ ವಿರುದ್ಧದ ಸಾಕ್ಷ್ಯದ ಒಂದು ಹಾಳೆಯೂ ಇರಲಿಲ್ಲ. ವಕೀಲೆ ಇದ್ದಳು, ಹೆಂಡತಿ ಒಗೆದು ತಂದ ಅಂಗಿ ಇತ್ತು, ಕೋರ್ಟಿನ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆ ಇತ್ತು. ಸಾಕ್ಷ್ಯ ಮಾತ್ರ ಪಕ್ಕದ ದೇಶದವರು ಅರಗಿನ ಮುದ್ರೆ ಒತ್ತಿ ಕಳಿಸಿದ ಲಕೋಟೆಯೊಳಗಿತ್ತು.

ಆ ದೇಶದ ರೈಲು ನಿಲ್ದಾಣದಲ್ಲಿ ಬಾಂಬು ಸಿಡಿದು ಹತ್ತೊಂಬತ್ತು ಜನ ಸತ್ತಿದ್ದರು. ಅಲ್ಲಿ ಸಿಕ್ಕ ಅಲಾರಂ ಗಡಿಯಾರದ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಕೆತ್ತಿದ ಗುರುತಿತ್ತು. ಬಿಚ್ಚಿದ ಪ್ರತಿ ಗಡಿಯಾರದೊಳಗೂ ತನ್ನ ಗುರುತು, ಅದರ ಕೆಳಗೆ ತಾರೀಕು ಕೆತ್ತುವುದು ಅವನು ಅಪ್ಪನಿಂದ ಕಲಿತ ಪದ್ಧತಿ. ಅದೇ ಗಡಿಯಾರ ಮತ್ತೆ ಬಂದರೆ ಹಿಂದೆ ಯಾವಾಗ ಕೈ ಹಾಕಿದ್ದು ಎಂದು ಗೊತ್ತಾಗಬೇಕಲ್ಲ.

ಗಡಿಯಾಚೆಯ ಅಧಿಕಾರಿ ಅಂಗಡಿಗೆ ಬಂದು ಮುಚ್ಚಳದ ಫೋಟೊ ತೋರಿಸಿದಾಗ ಆ ಅಧಿಕಾರಿಯ ಹೆಬ್ಬೆರಳು ಗುರುತಿನ ಕೆಳಗೆ, ತಾರೀಕಿನ ಜಾಗದ ಮೇಲೆ, ಸರಿಯಾಗಿ ಕೂತಿತ್ತು.

"ಇದು ನಿಂದಾ?"

"ನಂದೇ ಸಾರ್. ಇಷ್ಟು ಸಣ್ಣಕೆ ಕೆತ್ತೋ ಕೈ ಈ ಊರಲ್ಲಿ ಇನ್ನೊಂದಿಲ್ಲ," ಎಂದು ಇವನು ಬೀಗಿದ್ದ. ಅದನ್ನೇ ಬರೆದುಕೊಂಡು ಸಹಿ ಹಾಕಿಸಿಕೊಂಡರು.

"ಊಟಕ್ಕೆ ಚೂರು ಉಪ್ಪು ಹೆಚ್ಚಾದ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತೀರಿ," ಕಂಬಿಯಾಚೆಯಿಂದ ಹೆಂಡತಿ ಬೈದಳು. "ಬೆರಳು ತೆಗೀರಿ ಅನ್ನೋಕೆ ಬಾಯಿ ಬಿದ್ದು ಹೋಗಿತ್ತಾ?"

"ಹೊಗಳೋಕೆ ಬಂದಿದಾನೆ ಅಂದ್ಕೊಂಡೆ ಕಣೇ. ಅಮ್ಮ ಹೇಗಿದಾಳೆ?"

"ದಿನಾ ನಿಮಗೂ ತಟ್ಟೆ ಇಡ್ತಾರೆ. ನಾನು ಎತ್ತಿಡ್ತೀನಿ."

ಇವನನ್ನು ಆ ದೇಶಕ್ಕೆ ಒಪ್ಪಿಸಬೇಕೇ ಎಂಬ ವಿಚಾರಣೆಯಲ್ಲಿ ವಕೀಲೆ ಕೇಳಿದ್ದು ಒಂದೇ. "ಸ್ವಾಮಿ, ಲಕೋಟೆ ಒಡೆದು ತಾರೀಕು ನೋಡಿ. ಇವರು ಅದನ್ನ ಮುಟ್ಟಿ ಹತ್ತು ವರ್ಷ ಆಗಿದ್ರೆ?"

ಸರ್ಕಾರಿ ವಕೀಲ ಎದ್ದ. "ತಾರೀಕು ಅಲ್ಲಿ ನೋಡ್ತಾರೆ. ಹೊಸ ಕಾನೂನಿನ ಪ್ರಕಾರ ಭಯೋತ್ಪಾದನೆ ಕೇಸಲ್ಲಿ ಸಾಕ್ಷ್ಯ ತೂಗೋದು ಇಲ್ಲಿಯ ಕೆಲಸ ಅಲ್ಲ. ಹೋದ ವರ್ಷ ನಮ್ಮ ಮಾರ್ಕೆಟ್ಟಲ್ಲಿ ಗುಂಡು ಹಾರಿಸಿದವನನ್ನ ಅವರು ಒಂದು ಮಾತೂ ಕೇಳದೆ ಕೊಟ್ರು. ನಾವೀಗ ಲಕೋಟೆ ಒಡೆದ್ರೆ ನಾಳೆ ಯಾರನ್ನ ಕೊಡ್ತಾರೆ?"

ಅದೂ ಸುಳ್ಳಲ್ಲ. ಆ ಮಾರ್ಕೆಟ್ಟಿನಲ್ಲಿ ಸತ್ತವರಲ್ಲಿ ಇವನ ಗಿರಾಕಿಗಳೂ ಇದ್ದರು. ಆ ಕಾನೂನು ಎರಡೇ ದಿನದಲ್ಲಿ ಪಾಸಾದಾಗ ಇವನೂ ಅಂಗಡಿಯಲ್ಲಿ ಕೂತು, ಹಾಗೇ ಆಗಬೇಕು ಅವರಿಗೆ, ಅಂದಿದ್ದ.

ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಕಾನೂನು ನನಗೆ ಎರಡೇ ಪ್ರಶ್ನೆ ಬಿಟ್ಟಿದೆಯಮ್ಮ. ಅವರು ಕೇಳಿದ ಮನುಷ್ಯ ಇವರೇನಾ? ಹೌದು. ಬಾಂಬಿಡೋದು ಎರಡೂ ಕಡೆ ಅಪರಾಧಾನಾ? ಹೌದು. ಮೂರನೇದು ಕೇಳೋಕೆ ನನಗೆ ಅಧಿಕಾರ ಇಲ್ಲ."

ಅವರ ತಲೆಯ ಮೇಲಿನ ಗೋಡೆ ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು. ಬೇಡಿಯೊಳಗೆ ಇವನ ಬೆರಳುಗಳು ಸುಮ್ಮನೆ ಆಡಿದವು. ಮುದ್ರೆ ಒಡೆಯದ ಲಕೋಟೆಯ ಜೊತೆಯಲ್ಲೇ ಇವನನ್ನೂ ವ್ಯಾನಿಗೆ ಹತ್ತಿಸಿದರು.

ಅಲ್ಲಿಯ ಕೋರ್ಟು ಲಕೋಟೆ ಒಡೆದದ್ದು ಮೂರನೆಯ ವರ್ಷ. ಮುಚ್ಚಳದ ತಾರೀಕು ಸ್ಫೋಟಕ್ಕಿಂತ ಹನ್ನೊಂದು ವರ್ಷ ಹಿಂದಿನದು. ಅದನ್ನು ಓದಲು ಅವರಿಗೆ ಐದು ನಿಮಿಷವೂ ಹಿಡಿಯಲಿಲ್ಲ. ಗಡಿಯವರೆಗೆ ತಂದು ಬಿಟ್ಟರು.

ಹೋದದ್ದು ಮೂರು ವರ್ಷ ಒಂದು ತಿಂಗಳು, ಅಂಗಡಿ, ಬಲಗಣ್ಣಿನ ಅರ್ಧ ದೃಷ್ಟಿ, ಅಮ್ಮ. ನಿಲ್ದಾಣದಲ್ಲಿ ಹತ್ತೊಂಬತ್ತು ಜನ. ಬಾಂಬಿಟ್ಟವನು ಇನ್ನೂ ಸಿಕ್ಕಿಲ್ಲ.