ಗೋಡೆಯ ಜೇನು, ಬದುವಿನ ತುಂಬೆ

ಈ ವರ್ಷ ಮಳೆಗೆ ಅವಸರವಾಯಿತು, ಅದನ್ನು ನಂಬಿಕೊಂಡ ನನ್ನ ಜೇನುಗಳಿಗೂ. ಕೊತ್ತತ್ತಿಯ ಇಂದ್ರಮ್ಮನವರ ಕೊಟ್ಟಿಗೆಯ ಮಣ್ಣುಗೋಡೆಯಿಂದ ಮೂರು ವಾರ ಮೊದಲೇ ಹೊರಗೆ ಬಂದುಬಿಟ್ಟವು. ಹುಚ್ಚೆಳ್ಳು ಇನ್ನೂ ಗೇಣುದ್ದದ ಪೈರು. ಹೂವಿಲ್ಲದ ಊರಿಗೆ ಯಾಕ್ರೇ ಬಂದ್ರಿ ಎಂದು ಅವುಗಳನ್ನೇ ಬೈದೆ.

ಇವು ಹುಟ್ಟು ಕಟ್ಟುವ ಜೇನಲ್ಲ. ರಾಣಿಯಿಲ್ಲ, ಆಳಿಲ್ಲ, ತುಪ್ಪವೂ ಇಲ್ಲ. ಹೊಟ್ಟೆಗೆ ನೀಲಿ ಪಟ್ಟೆಯ ಒಂಟಿ ತಾಯಿ ತನ್ನದೇ ತೂತಿನಲ್ಲಿ ಪರಾಗ ತುಂಬಿ, ಮೊಟ್ಟೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ ಹೋಗುತ್ತದೆ. ಅದರ ಆಯಸ್ಸು ತಿಂಗಳು ಚಿಲ್ಲರೆ. ಅಷ್ಟರೊಳಗೆ ಹೂ ಸಿಕ್ಕರೆ ಮಕ್ಕಳು, ಇಲ್ಲದಿದ್ದರೆ ಇಲ್ಲ. ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲಿ ನಾನು ಮೂರು ವರ್ಷದಿಂದ ಓದುತ್ತಿರುವುದು ಇದನ್ನೇ.

ಈ ಸಲ ಅವಕ್ಕಿದ್ದ ಆಸರೆ ಒಂದೇ, ಕೊಟ್ಟಿಗೆ ಹಿಂದಿನ ಗದ್ದೆ ಬದುವಿನ ತುಂಬೆ ಗಿಡಗಳು. ನಾಲೆ ನೀರು ಬರುವ ಮುಂಚೆ ಬದು ಕೆತ್ತಿ ನುಣ್ಣಗೆ ಮಾಡದಿದ್ದರೆ ಊರು ಆಡಿಕೊಳ್ಳುತ್ತದೆ. ಒಂದು ಗಿಡವನ್ನೂ ಕೀಳಬೇಡಿ ಎಂದು ಗೋಗರೆದೆ.

"ಬದ ನೋಡಿ ಮನೆ ಯೆಂಗಸು ಸೋಂಬೇರಿ ಅಂತಾರೆ ಕಣವ್ವ. ಓಗ್ಲಿ ಬುಡು, ನಗೋರು ನಗ್ಲಿ," ಎಂದರು ಇಂದ್ರಮ್ಮ. ಮಾತಿಗೆ ತಪ್ಪಲಿಲ್ಲ. ಗೋಡೆಗೆ ಸಗಣಿಯನ್ನೂ ಸಾರಿಸಲಿಲ್ಲ.

ಗುತ್ತಲಿನ ನನ್ನ ಮನೆಯಲ್ಲಿ ಕೂತರೆ ಮುಳ್ಳಿನ ಮೇಲೆ ಕೂತಂತೆ. ಭಾನುವಾರವೂ ಸ್ಕೂಟಿ ಹತ್ತಿ ಬರುತ್ತಿದ್ದೆ. ನಲವತ್ತೊಂದು ತೂತುಗಳಲ್ಲಿ ಮುಚ್ಚಿದ್ದು ಆರೇ ಆರು.

ಶ್ರಾವಣದ ಸೋಮವಾರ ಬಂದು ನೋಡಿದರೆ ಬದು ಹಸಿರಾಗಿಯೇ ಇತ್ತು, ಬಿಳಿ ಮಾತ್ರ ಇರಲಿಲ್ಲ. ಪ್ರತಿ ಗಿಡದ ಕುಡಿಯನ್ನೂ ಮೊಗ್ಗಿನ ಸಮೇತ ಯಾರೋ ಚಿವುಟಿದ್ದರು.

ಇಂದ್ರಮ್ಮ ಪ್ರಸಾದ ಹಿಡಿದು ನಗುತ್ತಾ ಬಂದರು. "ಸಿವಂಗೆ ತುಂಬೆ ಅಂದ್ರೆ ಪ್ರಾಣ. ನಿನ್ನ ಉಳ ಸೆಂದಾಗಿ ಮರಿ ಮಾಡ್ಲಿ ಅಂತ ಒಂದು ಮೊರ ಏರಿಸ್ಬುಟ್ಟು ಬಂದೆ. ಗಿಡ ಒಂದೂ ಕಿತ್ತಿಲ್ಲ ಕಣವ್ವ."

ನನಗೆ ತಡೆಯಲಾಗಲಿಲ್ಲ. "ಅವುಗಳ ಮಕ್ಕಳ ಅನ್ನ ತಗೊಂಡೋಗಿ ಕಲ್ಲಿನ ಮೇಲೆ ಸುರಿದು ಬಂದ್ರಲ್ಲ! ಹೂವಿಲ್ಲದ ಗಿಡ ಯಾಕೆ ಬೇಕು ಅವಕ್ಕೆ?"

ಅವರ ನಗು ಇಂಗಿಹೋಯಿತು. "ಕಣಜದಂಗೆ ಎಲೆ ಮ್ಯಾಗಿನ ಉಳ ಇಡ್ಕೊಂಡೋಗಿ ಮರಿಗೆ ಆಕ್ತಾವೆ ಅನ್ಕೊಂಡಿದ್ದೆ. ತುಪ್ಪ ಮಾಡ್ದೆ ಇರೋದು ಹೂವಿಗೆ ಓಯ್ತದೆ ಅಂತ ನಂಗೇನ್ ಗೊತ್ತು? ನೀನು ಯೋಳ್ಳಿಲ್ವಲ್ಲ ನಯನ."

ನಿಜ. ಗಿಡ ಕೀಳಬೇಡಿ ಎಂದು ನೂರು ಸಲ ಹೇಳಿದ್ದೆ, ಯಾಕೆಂದು ಒಂದು ಸಲವೂ ಹೇಳಿರಲಿಲ್ಲ. ಓದಿದವಳ ಜಂಬ. ನಾಚಿಕೆಯಾಯಿತು.

ಇಬ್ಬರೂ ಗೋಡೆಯ ಮುಂದೆ ಕೂತೆವು. ಒಂದು ತಾಯಿ ಬದುವಿನುದ್ದಕ್ಕೂ ಗಿಡದಿಂದ ಗಿಡಕ್ಕೆ ಸುತ್ತಿ, ಕಾಲಿನಲ್ಲಿ ಚಿಟಿಕೆ ಪರಾಗವೂ ಇಲ್ಲದೆ ತೂತಿಗೆ ಮರಳಿತು.

"ಬರಿಗೈಲಿ ಬಂತಲ್ಲವ್ವಾ," ಎಂದು ಇಂದ್ರಮ್ಮ ಸೆರಗು ಬಾಯಿಗೊತ್ತಿಕೊಂಡರು. ಆಮೇಲೆ ಕೇಳಿದರು, "ಇನ್ನೆಷ್ಟು ದಿನ ಇರ್ತಾವೆ?"

"ಹತ್ತು ದಿನ."

"ತುಂಬೆ ತಿರ್ಗಾ ಹೂ ಬುಡಾಕೆ?"

ಹದಿನೈದು ದಿನಕ್ಕೆ ಕಡಿಮೆಯಿಲ್ಲ ಎಂದು ನನಗೆ ಗೊತ್ತಿತ್ತು. "ಒಂದು ವಾರ," ಎಂದೆ.

ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೀರಿನ ಬಿಂದಿಗೆ ಎತ್ತಿಕೊಂಡು ಬದುವಿನ ಕಡೆಗೆ ಓಡಿದರು.