ಕಲ್ಲು ನೋಡಲು ಬಂದವರು

ಪಂಚಾಕ್ಷರಯ್ಯನ ಸಿಟ್ಟು ಆಂಧ್ರದ ಗಡಿಯೊಳಗಿನ ಪೆದ್ದಹರಿವಾಣಕ್ಕೆಲ್ಲ ಗೊತ್ತಿದ್ದದ್ದೇ. ಅವನಿಗೆ ಊರಿನ ಹೆಸರಿನ ಮೇಲೂ ಸಿಟ್ಟಿತ್ತು. ತೆಲುಗಿನಲ್ಲಿ ಪೆದ್ದ ಅಂದರೆ ದೊಡ್ಡದು. ಕನ್ನಡದಲ್ಲಿ ಏನು ಅನ್ನುವುದನ್ನು ಬಿಡಿಸಿ ಹೇಳಬೇಕೆ? "ನಾವು ದೊಡ್ಡೋರು ಅಂತ ಬೋರ್ಡು ಬರಸ್ತೀವಿ, ಓದಿದೋರು ದಡ್ಡರು ಅಂತ ನಗತಾರ" ಎಂದು ಬಸ್ಸು ಬಂದಾಗೆಲ್ಲ ಬೈಯುತ್ತಿದ್ದ.

ಎಮರ್ಜೆನ್ಸಿ ಮುಗಿದ ಮರುವರ್ಷ ಅವನ ಸಿಟ್ಟಿಗೆ ಸರಿಯಾದ ಕಾರಣವೇ ಸಿಕ್ಕಿತು. ಊರ ಮುಂದಿನ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ರಸ್ತೆಗೆ ತಾಗಿದ ಅವನ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ನಿಂತಿತ್ತು. ಯಾವ ಕಾಲದಲ್ಲೋ ಕಳ್ಳರು ಹೊಡೆದುಕೊಂಡು ಹೋದ ಊರ ದನಗಳನ್ನು ಬಿಡಿಸಿ ತಂದು ಪ್ರಾಣ ಬಿಟ್ಟವನ ಕಲ್ಲು. 'ತುರುವಂ ಮಗುಳ್ಚಿ ಸತ್ತಂ' ಎಂದು ಕೆಳಗೆ ಕನ್ನಡದಲ್ಲೇ ಕೆತ್ತಿತ್ತು. ಪ್ರತಿ ಸೋಮವಾರ ಅದಕ್ಕೆ ನೀರು ಹಾಕಿ ವಿಭೂತಿ ಹಚ್ಚುವುದು ಅವನ ಮನೆತನದ ನೇಮ. ಅದನ್ನು ಒಡೆದು ರಸ್ತೆಗೆ ಕಂಕರು ಹಾಕುತ್ತೇವೆ ಎಂದ ಮೇಸ್ತ್ರಿ ಲಾಲಪ್ಪ.

"ನಂದೇನೈತ್ರಿ ಅಯ್ಯನೋರೆ, ಕಂಟ್ರಾಕ್ಟರ್ ಹೇಳ್ಯಾನ. ಯಾರರ ದೊಡ್ಡೋರು ಬಂದು ಈ ಕಲ್ಲು ಚಲೋ ಐತಿ, ಬಿಡು ಅಂದ್ರ ಬಿಡ್ತೀನಿ. ನಾಳೆ ಹೊತ್ತು ಮುಳುಗೋತನ ಕಾಯ್ತೀನಿ."

"ದೊಡ್ಡೋರೇನು ಹೊಲದಾಗ ಬೆಳೀತಾರೇನಲೇ, ಕಿತ್ತು ತರಾಕ!" ಎಂದು ಪಂಚಾಕ್ಷರಯ್ಯ ಕೂಗಾಡಿದ. ಕೂಗಿದರೂ, ಬೆಳಗಾಗುತ್ತಲೇ ಸೈಕಲ್ಲು ಹತ್ತಿ ತಾಲ್ಲೂಕಿನ ಪೇಟೆ ಆದವಾನಿಗೆ ಹೋದ. ಅಲ್ಲಿ ಒಂದು ಆಫೀಸಿನವರು ಇನ್ನೊಂದು ಆಫೀಸಿಗೆ ಅಟ್ಟಿದರು, ಅವರು ಕರ್ನೂಲಿಗೆ ಹೋಗು ಅಂದರು. ಕರ್ನೂಲಿಗೆ ಹೋಗಿ ಬರುವಷ್ಟರಲ್ಲಿ ಕಲ್ಲು ಎಲ್ಲಿರುತ್ತದೆ? ಮೈಯೆಲ್ಲ ಉರಿಯುತ್ತ ಸ್ಟೇಷನ್ ಬದಿಯ ದಸ್ತಗಿರಿಯ ಸೈಕಲ್ ಶಾಪಿಗೆ ಗಾಳಿ ಹೊಡೆಸಲು ಬಂದ.

ಅಲ್ಲಿ ಬೆನ್ನ ಮೇಲೆ ಮೂಟೆಯಂಥ ಚೀಲ ಹೊತ್ತ ಇಬ್ಬರು ಬಿಳಿಯರು ಬಾಡಿಗೆ ಸೈಕಲ್ಲು ಹಿಡಿದು ನಿಂತಿದ್ದರು, ಒಬ್ಬ ಹೆಣ್ಣುಮಗಳು, ಒಬ್ಬ ಗಂಡಸು.

"ಬಂದ್ರಿ ಚಲೋ ಆಯ್ತು ಅಯ್ಯಾ," ಎಂದ ದಸ್ತಗಿರಿ. ಅವನ ಮಾತಿನಲ್ಲಿ ಎಲ್ಲ ಭಾಷೆಗಳೂ ಒಂದೇ ಗಡಿಗೆಯಲ್ಲಿ ಕುದಿಯುತ್ತಿದ್ದವು. "ವೀಳ್ಳು ಕಲ್ಲು ಚೂಡಟಾನಿಕಿ ವಚ್ಚಾರು. ಫ್ರಾನ್ಸ್ ದೇಶದೋರಂತ. ಸೈಕಲ್ ಮ್ಯಾಲೆ ಊರೂರು ತಿರುಗಿ ಕಲ್ಲು ನೋಡ್ತಾರಂತ. ನಿಮ್ಮೂರ ಕಡೆ ಬೇಕಾದಷ್ಟು ಐತಲ್ಲ, ಜರಾ ತೋರಸ್ರಿ."

"ಕಲ್ಲು! ಕಲ್ಲು!" ಎಂದು ಹೆಣ್ಣುಮಗಳು ತಲೆ ಕುಣಿಸಿ ನಕ್ಕಳು.

ಪಂಚಾಕ್ಷರಯ್ಯನ ಎದೆ ತುಂಬಿ ಬಂತು. ಹತ್ತಿರದ ಆಫೀಸಿನವನಿಗೆ ಬೇಡವಾದ ಕಲ್ಲು ನೋಡಲು ಏಳು ಸಮುದ್ರದ ಆಚೆಯವರು ಬಂದಿದ್ದಾರಲ್ಲ! "ನನ್ನಪ್ಪಾ, ಬರ್ರಿ" ಎಂದು ಮುಂದೆ ಹೊರಟ.

ಹತ್ತಿ ಬಂಡಿಗಳ ಧೂಳು ಕುಡಿಯುತ್ತ ಮೂರು ಸೈಕಲ್ಲು ಸಾಗಿದವು. ದಾರಿಯಲ್ಲಿ ಕಂಡ ನಾಗರಕಲ್ಲು ತೋರಿಸಿದ, ಗಡಿಕಲ್ಲು ತೋರಿಸಿದ, ಹಾಳುಬಿದ್ದ ಮನೆಯ ಒಳಕಲ್ಲನ್ನೂ ಬಿಡಲಿಲ್ಲ. ಅವರು ಬೆವರು ಒರೆಸಿಕೊಂಡು ನೋಡುವರು, ಮತ್ತೆ "ಕಲ್ಲು?" ಎಂದು ಕೇಳುವರು. ಎಲಾ ಇವರ ಹಸಿವೇ ಎಂದು ಅವನು ಹಿಗ್ಗಿದ.

ಊರು ಹತ್ತಿರ ಬಂತು. ಮಾರಣ್ಣನ ಈಚಲ ಬನ ಕಂಡಿತು. ಮರಗಳಿಗೆ ಕಟ್ಟಿದ್ದ ಗಡಿಗೆಗಳನ್ನು ನೋಡಿದ್ದೇ ಆ ಹೆಣ್ಣುಮಗಳು ಸೈಕಲ್ಲನ್ನು ನೆಲಕ್ಕೆ ಬೀಳಿಸಿ "ಕಲ್ಲು! ಕಲ್ಲು!" ಎಂದು ಕುಣಿದಳು. ಹೆಬ್ಬೆರಳನ್ನು ಬಾಯಿಗೆ ಇಟ್ಟು ಎತ್ತಿ ತೋರಿಸಿದಳು. ಗಂಡಸು ಹರಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಅವರ ಸೀಮೆಯೆಲ್ಲ ದ್ರಾಕ್ಷಿ ತೋಟವಂತೆ, ಅಲ್ಲಿಯೂ ಹೀಗೇ ಸೈಕಲ್ಲಿನ ಮೇಲೆ ಊರೂರಿನ ದ್ರಾಕ್ಷಿಯ ಮದ್ಯ ರುಚಿ ನೋಡುತ್ತಾರಂತೆ.

ತೆಲುಗಿನಲ್ಲಿ ಕಲ್ಲು ಅಂದರೆ ಸೇಂದಿ, ಈಚಲ ಹೆಂಡ! ದಿನವೆಲ್ಲ ತೆಲುಗಿನಲ್ಲೇ ಹತ್ತಿ ಮಾರುವ ಪಂಚಾಕ್ಷರಯ್ಯನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆ ದಿನ ಅವನ ತಲೆಯಲ್ಲಿ ಒಂದೇ ಕಲ್ಲಿತ್ತು.

ಸಿಟ್ಟು ನೆತ್ತಿಗೇರಿತು. "ಕೊರಳಾಗ ಲಿಂಗ ಕಟ್ಟಿದೋನ್ನ ಸೇಂದಿ ಬನಕ್ಕ ಕರಕೊಂಡು ಹೋಗು ಅಂತೀರೇನ್ರಿ? ಆ ದಸ್ತಗಿರಿ ಬಾಯಾಗ ಮಣ್ಣು ಹಾಕ! ನಿಮ್ಮ ಚೀಲಕ್ಕ ಬೆಂಕಿ ಹಚ್ಚ!" ಬೈದು ಬೈದು ಬಾಯಿ ಒಣಗಿತು. ಅವರು ಏನೂ ತಿಳಿಯದೆ ಕಣ್ಣುಬಿಟ್ಟು ನಿಂತರು. ಅವರನ್ನು ಅಲ್ಲೇ ಬಿಟ್ಟು ಪೆಡಲು ತುಳಿದ.

ದೂರದಿಂದಲೇ ಹೊಲದ ಬದು ಕಂಡಿತು. ಲಾಲಪ್ಪನ ಆಳುಗಳು ಕಲ್ಲಿನ ಬುಡ ಅಗೆಯುತ್ತಿದ್ದರು. ಸುತ್ತಿಗೆ ಪಕ್ಕದಲ್ಲೇ ಇತ್ತು. ಹೊತ್ತು ಇಳಿಯುತ್ತಿತ್ತು. ದೊಡ್ಡವರನ್ನು ಎಲ್ಲಿಂದ ತರಬೇಕು? ಸಿಕ್ಕಿದ್ದ ಇಬ್ಬರನ್ನು ಈಗಷ್ಟೇ ಬೈದು ಬಿಟ್ಟು ಬಂದಿದ್ದ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಆಮೇಲೆ ಬಾ ಅಂದರೆ ಬರುತ್ತದೆಯೇ?

ಹಲ್ಲು ಕಚ್ಚಿ ಸೈಕಲ್ಲು ತಿರುಗಿಸಿದ.

ಹಣೆಯ ತುಂಬ ವಿಭೂತಿ ಧರಿಸಿದ ಅಯ್ಯನವರು ಬಿಳಿಯರ ಕೈಹಿಡಿದು ಸೇಂದಿ ಬನ ಹೊಕ್ಕದ್ದನ್ನು ಹತ್ತಿ ಬಿಡಿಸಿ ಮನೆಗೆ ಹೊರಟಿದ್ದ ಹೆಂಗಸರೆಲ್ಲ ನೋಡಿದರು. ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದವನನ್ನೇ ಲೋಕ ಬಿಡುವುದಿಲ್ಲ, ಇವನ ಕೈಯಲ್ಲಿ ಮಜ್ಜಿಗೆಯೂ ಇರಲಿಲ್ಲ.

"ಅಯ್ಯನೋರೆ, ನೀವು ಇಲ್ಲಿ?" ಮಾರಣ್ಣ ಮರದಿಂದ ಬೀಳುವುದೊಂದು ಬಾಕಿ.

"ಬಾಯಿ ಮುಚ್ಚಿಕೊಂಡು ಅವರಿಗೆ ಹಾಕು," ಎಂದು ಪಂಚಾಕ್ಷರಯ್ಯ ಬೆನ್ನು ತಿರುಗಿಸಿ ಕೂತ.

ಅವರು ಕುಡಿದರು, ಚಪ್ಪರಿಸಿದರು, ಮತ್ತೆ ಕೇಳಿ ಹಾಕಿಸಿಕೊಂಡರು. ಇವನು ಉಗುರು ಕಚ್ಚುತ್ತ ಸೂರ್ಯನನ್ನು ನೋಡಿದ. ಕೊನೆಗೆ ಇಬ್ಬರನ್ನೂ ಎಬ್ಬಿಸಿಕೊಂಡು ಹೊಲಕ್ಕೆ ಬಂದಾಗ ಲಾಲಪ್ಪ ಸುತ್ತಿಗೆ ಎತ್ತಿ ಹಿಡಿದಿದ್ದ.

"ತಡಿಯಲೇ! ದೊಡ್ಡೋರು ಬಂದಾರ!"

ಕೆಂಪು ಮೋರೆಯ ಹೆಣ್ಣುಮಗಳು ಕಲ್ಲಿನ ಮುಂದೆ ಬಗ್ಗಿ ನೋಡಿದಳು. ಕೆಳಗೆ ಬಿಲ್ಲು ಹಿಡಿದ ವೀರ, ಅವನ ಹಿಂದೆ ದನಗಳು. ಮೇಲೆ ಲಿಂಗ, ಅದರ ಪಕ್ಕ ಕೊಡ ಹಿಡಿದು ನಿಂತ ಪೂಜಾರಿ. ಸೇಂದಿ ಗಡಿಗೆಯಂಥ ಆ ಕೊಡ ಕಂಡಿದ್ದೇ ಅವಳ ಕಣ್ಣು ಅರಳಿದವು. ಕಲ್ಲನ್ನು ತಟ್ಟಿ ತಟ್ಟಿ ಕೂಗಿದಳು: "ಕಲ್ಲು! ಗುಡ್ ಕಲ್ಲು! ವೆರಿ ಗುಡ್ ಕಲ್ಲು!" ಗಂಡಸು ಕ್ಯಾಮೆರಾ ತೆಗೆದು ಫೋಟೋ ಹೊಡೆದ.

ಲಾಲಪ್ಪನ ಸುತ್ತಿಗೆ ಕೆಳಗಿಳಿಯಿತು. "ಏನಂತಾಳ್ರಿ ಆಕಿ?"

"ಯಾಕಲೇ, ನಿನಗ ಕನ್ನಡ ತಿಳಿಯಂಗಿಲ್ಲೇನು?"

ಲಾಲಪ್ಪ ತಲೆಯ ರುಮಾಲು ತೆಗೆದ. "ಪರದೇಶದೋರ ಬಂದು ಹಿಂಗ ಹೊಗಳಿದ ಮ್ಯಾಲೆ ನಾ ಹೆಂಗ ಒಡೀಲ್ರಿ? ಕಂಟ್ರಾಕ್ಟರ್‌ಗೆ ಹೇಳ್ತೀನಿ. ರಸ್ತಾ ಆ ಕಡಿ ಸರೀಲಿ."

ಗೆದ್ದವನು ನಗಬೇಕಿತ್ತು. ಪಂಚಾಕ್ಷರಯ್ಯ ವೀರನ ಮುಖ ನೋಡಲಾಗದೆ ಸೈಕಲ್ಲು ಹತ್ತಿದ. ದನಕ್ಕಾಗಿ ಸತ್ತವನನ್ನು ಸೇಂದಿ ಅನ್ನಿಸಿ ಉಳಿಸಿದ್ದಾಯಿತಲ್ಲ!

ಮನೆಗೆ ಬಂದರೆ ಹೆಂಡತಿ ವೀರಬಸಮ್ಮ ಹೊಸ್ತಿಲಿಗೆ ಅಡ್ಡ ನಿಂತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಬಂದು ಮುಟ್ಟಿತ್ತು.

"ಹಿತ್ತಲದಾಗ ನೀರು ಇಟ್ಟೀನಿ. ಜಳಕ ಮಾಡಿ ಒಳಗ ಬರ್ರಿ."

"ನಾ ಕುಡದಿಲ್ಲ!"

"ಕುಡದೋರೆಲ್ಲ ಅದನ್ನ ಅಂತಾರ."

ಅವನು ಹಿತ್ತಲಿಗೆ ಹೋದ. ಆ ನೀರಿನ ಕೊಡವನ್ನೇ ಹೆಗಲಿಗೇರಿಸಿಕೊಂಡು ಮುಸ್ಸಂಜೆಯಲ್ಲಿ ಹೊಲಕ್ಕೆ ನಡೆದ. ಅಗೆದ ಬುಡಕ್ಕೆ ಮಣ್ಣು ಎಳೆದು ಕಾಲಿನಿಂದ ತುಳಿದು ಗಟ್ಟಿ ಮಾಡಿದ. ಕೊಡ ಎತ್ತಿ ವೀರನ ಮೋರೆಗೆ ರಪ್ಪನೆ ನೀರು ಎರಚಿದ.

"ನೀ ದನಕ್ಕ ಜೀವ ಕೊಟ್ಟಿ, ನಾ ನಿನಗ ನನ್ನ ಮಾನ ಕೊಟ್ಟೀನಿ. ಇನ್ನರ ಸುಮ್ಮನ ನಿಂದ್ರಲೇ!"